ಕಾಲು ಮುರ್ಕೋ ಪುಟ್ಟಿ

ನನ್ನ ಮಗಳ ರಂಗಪ್ರವೇಶದ ಸಂಜೆ ಅವಳ ಸೋದರಮಾವ ಗ್ರೀನ್ ರೂಮಿನ ಬಾಗಿಲಲ್ಲಿ ನಿಂತು, ಕಣ್ಣು ತುಂಬಿಕೊಂಡು ಹರಸಿದ: ‘ಕಾಲು ಮುರ್ಕೋ ಪುಟ್ಟಿ.’

ಗೆಜ್ಜೆ ಕಟ್ಟಿಸಿಕೊಳ್ಳುತ್ತಿದ್ದ ಹುಡುಗಿ ಒಂದು ಕಾಲನ್ನು ಗಾಳಿಯಲ್ಲೇ ಬಿಟ್ಟು ಕೂತಳು. ಜಡೆಗೆ ಮೊಗ್ಗು ಸಿಕ್ಕಿಸುತ್ತಿದ್ದ ನನ್ನ ಹೆಂಡತಿಯ ಹಲ್ಲಿನ ನಡುವಿದ್ದ ಹೇರ್‌ಪಿನ್ನು ಜಾರಿ ನೆಲಕ್ಕೆ ಬಿತ್ತು. ಮೂಲೆಯ ಕುರ್ಚಿಯಲ್ಲಿದ್ದ ನಮ್ಮಮ್ಮನಿಗೆ 82 ವರ್ಷ, ಕಿವಿ ಸ್ವಲ್ಪ ಮಂದ. ಆದರೆ ಕೇಳಬಾರದ್ದು ಮಾತ್ರ ಅವರಿಗೆ ಗಂಟೆ ಹೊಡೆದ ಹಾಗೆ ಕೇಳಿಸುತ್ತದೆ.

‘ಒಳ್ಳೇ ಹೊತ್ತಲ್ಲಿ ಎಂಥಾ ಮಾತಾಡ್ತೀಯೋ! ಬಿಡ್ತು ಅನ್ನು, ಬಿಡ್ತು ಅನ್ನು!’

‘ಅಯ್ಯೋ ಅಮ್ಮಾ, ಇದು ಇಂಗ್ಲಿಷಿನ ಆಶೀರ್ವಾದ. ಬ್ರೇಕ್ ಎ ಲೆಗ್ ಅಂತ.’

‘ಇಂಗ್ಲಿಷಿನವರು ಬೇಕಾದರೆ ತಮ್ಮ ಕಾಲು ಮುರ್ಕೊಳ್ಳಲಿ. ನನ್ನ ಮೊಮ್ಮಗಳ ಕಾಲಿನ ಸುದ್ದಿ ಅವರಿಗೇಕೆ?’

ಐದು ನಿಮಿಷದೊಳಗೆ ಅಡುಗೆಯವರ ಕಡೆಯಿಂದ ಉಪ್ಪು, ಒಣಮೆಣಸಿನಕಾಯಿ ಬಂದವು. ಮೂರು ಸಲ ನಿವಾಳಿಸಿ, ಮೆಣಸಿನಕಾಯಿಯನ್ನು ಒಲೆಗೆ ಹಾಕಿಸಿದ್ದಾಯಿತು. ಘಾಟು ಸೀದಾ ವೇದಿಕೆಗೇ ಹೋಗಿ, ಮೃದಂಗದವರು ಮೊದಲ ತೀರ್ಮಾನವನ್ನು ಕೆಮ್ಮುತ್ತಲೇ ಮುಗಿಸಿದರು.

ನನಗೆ ನಗು ಬಂದದ್ದು ರಾತ್ರಿ ಮನೆಗೆ ಬಂದ ಮೇಲೆ, ಅದೂ ಬೇರೆ ಕಾರಣಕ್ಕೆ. ಈ ‘ಬ್ರೇಕ್ ಎ ಲೆಗ್’ ಕಳೆದ ಶತಮಾನದ ಮೊದಲರ್ಧದಲ್ಲಿ ಅಮೆರಿಕದ ನಾಟಕದವರ ಬಾಯಲ್ಲಿ ಚಾಲ್ತಿಗೆ ಬಂದ ಮಾತು. ಹುಟ್ಟಿದ್ದು ಹೇಗೆ ಎನ್ನುವುದಕ್ಕೆ ಹತ್ತು ಕಥೆಗಳಿವೆ, ಹತ್ತನ್ನೂ ನಂಬಬೇಕಾಗಿಲ್ಲ. ಆದರೆ ಅದರ ಹಿಂದಿರುವ ಭಯ ನಮಗೆ ಹೊಸದಲ್ಲ. ರಂಗಕ್ಕೆ ಹೊರಟವನಿಗೆ ‘ಒಳ್ಳೆಯದಾಗಲಿ’ ಎಂದು ಬಾಯಿಬಿಟ್ಟು ಹೇಳಿದರೆ, ಅದು ಕೇಳಬಾರದ ಕಿವಿಗೆ ಬಿದ್ದು ಕೆಡುತ್ತದಂತೆ. ಅದಕ್ಕೇ ಉಲ್ಟಾ ಹರಸಿ ಕೇಡನ್ನು ಏಮಾರಿಸುವುದು. ಚೆಂದದ ಮಗುವಿನ ಕೆನ್ನೆಗೆ ಕಾಡಿಗೆ ಬೊಟ್ಟಿಡುವ ನಮ್ಮಮ್ಮ ಮಾಡುವುದು ಇನ್ನೇನನ್ನು? ಹೊಸ ಮನೆಯ ಮುಂದೆ ಕೋರೆಹಲ್ಲಿನ ಬೂದುಗುಂಬಳ ತೂಗುಹಾಕುವುದು ಯಾತಕ್ಕೆ? ಅಂದರೆ ಆ ಸಂಜೆ ಗ್ರೀನ್ ರೂಮಿನಲ್ಲಿ ಇಬ್ಬರೂ ದೃಷ್ಟಿಯನ್ನೇ ತೆಗೆಯುತ್ತಿದ್ದರು. ಒಬ್ಬ ಇಂಗ್ಲಿಷಿನಲ್ಲಿ, ಇನ್ನೊಬ್ಬರು ಮೆಣಸಿನಕಾಯಿಯಲ್ಲಿ. ಗೊತ್ತಾಗದೆ ಜಗಳವಾಡಿದರು ಅಷ್ಟೆ.

ಇನ್ನೊಂದು ವಿಷಯವನ್ನು ನಾನು ಭಾವಮೈದನಿಗೆ ಇವತ್ತಿಗೂ ಹೇಳಿಲ್ಲ. ಅಲ್ಲಿನ ಬ್ಯಾಲೆ ನರ್ತಕರು ‘ಕಾಲು ಮುರ್ಕೋ’ ಅನ್ನುವುದಿಲ್ಲ, ಕಾಲೇ ಅವರ ಅನ್ನವಲ್ಲವೆ? ಅವರು ಒಬ್ಬರಿಗೊಬ್ಬರು ‘ಮೆರ್ದ್’ ಎಂದು ಹಾರೈಸುತ್ತಾರೆ. ಫ್ರೆಂಚಿನಲ್ಲಿ ಹಾಗಂದರೆ ಕಕ್ಕಸು. ಅವನಿಗೆ ಇದು ಗೊತ್ತಿದ್ದು, ಕನ್ನಡದಲ್ಲಿ ಅನುವಾದಿಸಿ ಹರಸಿದ್ದರೆ ನಮ್ಮಮ್ಮ ಬರೀ ಮೆಣಸಿನಕಾಯಿಗೆ ನಿಲ್ಲುತ್ತಿರಲಿಲ್ಲ.

ಭಾವಮೈದನಿಗೆ ಇಂಗ್ಲಿಷ್ ಬಾರದೆಂದು ತಿಳಿಯಬೇಡಿ. 34 ವರ್ಷ ಕಚೇರಿಯಲ್ಲಿ ‘ವಿತ್ ರೆಫರೆನ್ಸ್ ಟು ದಿ ಅಬವ್’ ಎಂದು ಶುರು ಮಾಡಿ ‘ಪ್ಲೀಸ್ ಡು ದ ನೀಡ್‌ಫುಲ್’ ಎಂದು ಮುಗಿಸಿ ನಿವೃತ್ತನಾದವನು. ಹುಡುಗನಾಗಿದ್ದಾಗ ರಾಪಿಡೆಕ್ಸ್ ಪುಸ್ತಕ ಕೊಂಡವನು. ಅದರ ಜಾಹೀರಾತಿನಲ್ಲಿ ಕಪಿಲ್ ದೇವ್ ಇದ್ದರು. 1983ರ ವಿಶ್ವಕಪ್ ಗೆದ್ದವರು ಹೇಳಿದ ಮೇಲೆ ಕೊಳ್ಳದಿರುವುದು ದೇಶದ್ರೋಹ ಎಂಬ ಕಾಲ ಅದು. ಮೂವತ್ತೋ ನಲವತ್ತೋ ಪುಟ ಓದಿದ, ಆಮೇಲೆ ಬೌಲಿಂಗ್ ಅಭ್ಯಾಸಕ್ಕೆ ಹೋದ.

ಈ ಹುಚ್ಚು ಮತ್ತೆ ಕೆರಳಿದ್ದು ಅವನ ಮಗಳಿಂದ. ಅವಳಿರುವುದು ಇಂಗ್ಲೆಂಡಿನ ಲೀಡ್ಸಿನಲ್ಲಿ. ‘ಅಕ್ಟೋಬರಿಗೆ ಬಂದು ಮೂರು ತಿಂಗಳು ಮೊಮ್ಮಗನನ್ನು ನೋಡಿಕೊಳ್ಳಿ’ ಎಂದು ಕರೆದವಳು, ಸುಮ್ಮನಿರಲಾರದೆ ‘ಅಪ್ಪಾ, ನಿನ್ನ ಇಂಗ್ಲಿಷು ಫೈಲು ಓದಿದ ಹಾಗಿರುತ್ತೆ. ಇಲ್ಲಿ ಯಾರೂ ಹಾಗೆ ಮಾತಾಡಲ್ಲ’ ಎಂದುಬಿಟ್ಟಳು. ಅದು ನಾಟಿತು. ಬ್ಯಾಂಕಿನವರು ಕೊಟ್ಟ ಡೈರಿ ಖಾಲಿ ಬಿದ್ದಿತ್ತು. ತಾರೀಖಿಗೊಂದರಂತೆ ಇಂಗ್ಲಿಷ್ ನುಡಿಗಟ್ಟುಗಳನ್ನು ತುಂಬಿದ. ಜೊತೆಗೆ ಒಂದು ಭಯಂಕರ ನಿಯಮ ಮಾಡಿಕೊಂಡ: ಆ ದಿನದ ನುಡಿಗಟ್ಟನ್ನು ಆ ದಿನವೇ, ಮಲಗುವುದರೊಳಗೆ ಯಾರ ಮೇಲಾದರೂ ಖರ್ಚು ಮಾಡಬೇಕು. ರಂಗಪ್ರವೇಶದ ತಾರೀಖಿಗೆ ‘ಬ್ರೇಕ್ ಎ ಲೆಗ್’ ಬಂದದ್ದು ದೈವಸಂಕಲ್ಪ ಎಂದೇ ಅವನು ಈಗಲೂ ವಾದಿಸುತ್ತಾನೆ.

‘ಕಿಕ್ ದ ಬಕೆಟ್’ ಬಂದ ದಿನ ಅವನ ಪಾಡು ಕೇಳಬೇಡಿ. ಬೆಳಗ್ಗಿನಿಂದ ಯಾರೂ ಸಾಯಲಿಲ್ಲ. ಪೇಪರಿನ ಶ್ರದ್ಧಾಂಜಲಿ ಪುಟದಲ್ಲೂ ಪರಿಚಯದವರಿಲ್ಲ. ರಾತ್ರಿ ಎಂಟರ ಹೊತ್ತಿಗೆ ದೇವರು ಕಣ್ಣುಬಿಟ್ಟ. ದೂರದ ಸಂಬಂಧದ ದೊಡ್ಡಪ್ಪನೊಬ್ಬರು ತೀರಿಕೊಂಡ ಸುದ್ದಿ ಮನೆಯವರ ವಾಟ್ಸಾಪ್ ಗುಂಪಿಗೆ ಬಂತು. ಸಾಲಾಗಿ ಮುಗಿದ ಕೈಗಳು, ಓಂ ಶಾಂತಿಗಳು. ನಡುವೆ ಇವನದು: ‘ದೊಡ್ಡಪ್ಪ ಕಿಕ್ಡ್ ದ ಬಕೆಟ್. ವೆರಿ ಸಾರಿ.’ ಹತ್ತು ನಿಮಿಷಕ್ಕೆ ದೊಡ್ಡಪ್ಪನ ಮಗ ನನಗೆ ಫೋನ್ ಮಾಡಿ ಪಿಸುದನಿಯಲ್ಲಿ ಕೇಳಿದ: ‘ಅಪ್ಪ ಬಚ್ಚಲಲ್ಲಿ ಜಾರಿದ್ದನ್ನು ನಾವು ಯಾರಿಗೂ ಹೇಳಿರಲಿಲ್ಲ. ಬಕೆಟ್ಟಿನ ಸಂಗತಿ ನಿಮ್ಮ ಭಾವಮೈದನಿಗೆ ಹೇಗೆ ಗೊತ್ತಾಯ್ತು?’

ಇಲ್ಲೇ ನೋಡಿ ಡೈರಿಯ ಸೋಲು. ಡೈರಿಯಲ್ಲಿ ಬರೆದಿತ್ತು: ಕಿಕ್ ದ ಬಕೆಟ್ ಎಂದರೆ ಸಾಯುವುದು. ಸರಿಯೇ. ಆದರೆ ಯಾರು ಸತ್ತಾಗ, ಯಾರೆದುರು, ಯಾವ ದನಿಯಲ್ಲಿ? ಅದನ್ನು ಅರ್ಥದ ಕಾಲಮ್ಮಿನಲ್ಲಿ ಬರೆಯುವುದಿಲ್ಲ. ಈ ಮಾತು ಮೊದಲು ನಿಘಂಟು ಹತ್ತಿದ್ದೇ 1785ರಲ್ಲಿ, ಫ್ರಾನ್ಸಿಸ್ ಗ್ರೋಸ್ ಎಂಬಾತ ಲಂಡನ್ನಿನ ಬೀದಿಮಾತುಗಳನ್ನು, ಕಳ್ಳಕಾಕರ ಗುಟ್ಟುನುಡಿಗಳನ್ನು ಕೂಡಿಸಿ ಮಾಡಿದ ಪೋಲಿ ನಿಘಂಟಿನಲ್ಲಿ. ಹುಟ್ಟೇ ಅಂಥದ್ದು. ನಮ್ಮಲ್ಲಿ ಸಾವಿಗೆ ಇರುವಷ್ಟು ವೇಷ ಮದುವೆಗೂ ಇಲ್ಲ. ಸ್ವಾಮಿಗಳು ಲಿಂಗೈಕ್ಯರಾಗುತ್ತಾರೆ, ಆಚಾರರು ಹರಿಪಾದ ಸೇರುತ್ತಾರೆ, ಸಾಹಿತಿ ಅಸ್ತಂಗತನಾಗುತ್ತಾನೆ, ಪಕ್ಕದ ಮನೆಯವರು ‘ಹೋಗಿಬಿಟ್ಟರಂತೆ’. ನಮಗೆ ದುಡ್ಡು ಕೊಡಬೇಕಾದವನು ಮಾತ್ರ ಗೊಟಕ್ ಅನ್ನುತ್ತಾನೆ. ಬೆಂಗಳೂರಿಗೆ ಹೊಸದಾಗಿ ಬಂದು, ಮೂವತ್ತು ದಿನದಲ್ಲಿ ಕನ್ನಡ ಕಲಿತು, ಓನರ್ ಮನೆಯ ಸೂತಕದಲ್ಲಿ ‘ನಿಮ್ಮ ತಂದೆ ನೆಗೆದುಬಿದ್ದು ನೆಲ್ಲಿಕಾಯಿ ಆದರಂತೆ, ಕೇಳಿ ದುಃಖವಾಯಿತು’ ಎಂದ ಬಾಡಿಗೆದಾರನನ್ನು ಕಲ್ಪಿಸಿಕೊಳ್ಳಿ. ಅವನ ವ್ಯಾಕರಣದಲ್ಲಿ ಒಂದು ತಪ್ಪು ತೋರಿಸಿ ನೋಡೋಣ!

(ಅದೇ ಬಕೆಟ್ಟು 2007ರ ಒಂದು ಹಾಲಿವುಡ್ ಸಿನಿಮಾದಿಂದ ‘ಬಕೆಟ್ ಲಿಸ್ಟ್’ ಆಗಿ ನಮ್ಮ ಹುಡುಗರ ಬಾಯಿಗೆ ಬಂದಿದೆ. ಸಾಯುವುದರೊಳಗೆ ಮಾಡಬೇಕಾದ ಕೆಲಸಗಳ ಪಟ್ಟಿ. ಇಪ್ಪತ್ತೆರಡರ ಹುಡುಗಿ ತನ್ನ ಪಟ್ಟಿಯಲ್ಲಿ ಹಂಪಿ ಇದೆ ಅನ್ನುತ್ತಾಳೆ. ಹೊಸಪೇಟೆಗೆ ರಾತ್ರಿ ಬಸ್ಸಿದೆಯಮ್ಮಾ, ಸಾವಿನ ಮಾತೇಕೆ?)

ಮುಂಗಾರು ಶುರುವಾಯಿತು. ಭಾವಮೈದ ಒದ್ದೆಯಾಗಿ ಬಂದು ಛತ್ರಿ ಕೊಡವುತ್ತಾ, ‘ಏನು ಭಾವಾ, ರೇನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್!’ ಎಂದು ಆ ದಿನದ ಬಾಕಿ ತೀರಿಸಿದ. ಅಮ್ಮ ‘ಬೆಕ್ಕು ನಾಯಿ ಯಾಕೆ ಬೀಳ್ತವೆ?’ ಎಂದು ಕೇಳಿದರು. ಈ ಪ್ರಶ್ನೆಗೆ ಇಂಗ್ಲಿಷಿನವರ ಹತ್ತಿರವೂ ಉತ್ತರವಿಲ್ಲ. ಹುಲ್ಲು ಮಾಡಿನಲ್ಲಿ ಮಲಗಿದ್ದ ಬೆಕ್ಕು ನಾಯಿಗಳು ಮಳೆಗೆ ಜಾರಿ ಬೀಳುತ್ತಿದ್ದವು ಎಂಬ ಕಥೆ ವಾಟ್ಸಾಪಿನಲ್ಲಿ ಓಡಾಡುತ್ತದೆ. ಅದು ಶುದ್ಧ ಬೊಗಳೆ. ಮಳೆ ಅಂದಕೂಡಲೇ ಮನುಷ್ಯರ ತಲೆಗೆ ಅದೇನಾಗುತ್ತದೋ. ಫ್ರೆಂಚರಿಗೆ ಹಗ್ಗ ಸುರಿಯುತ್ತದೆ, ಗ್ರೀಕರಿಗೆ ಕುರ್ಚಿಯ ಕಾಲು, ವೇಲ್ಸಿನವರಿಗೆ ಮುದುಕಿಯರು ಮತ್ತು ದೊಣ್ಣೆ. ನಮ್ಮದು ಕುಂಭದ್ರೋಣ, ಕೊಡ ಕೊಳಗಗಳಲ್ಲಿ ಅಳೆದು ಸುರಿಯುವ ಗೃಹಸ್ಥರ ಮಳೆ. ಕೆಲವರಿಗೆ ಮುಸಲಧಾರೆ, ಒನಕೆ. ಅಮ್ಮ ಕನ್ನಡಕ ಹಾಕಿ ಪಂಚಾಂಗ ತೆಗೆದರು. ಅದರಲ್ಲಿ ಮಳೆ ನಕ್ಷತ್ರಕ್ಕೆ ಕಪ್ಪೆ, ನರಿ, ಕತ್ತೆ, ಆನೆ ಎಂದು ವಾಹನ ಬರೆದಿರುತ್ತಾರೆ. ‘ನಮ್ಮ ಮಳೆ ಪ್ರಾಣಿ ಮೇಲೆ ಕೂತು ಬರುತ್ತೆ. ಅವರದ್ದು ಪ್ರಾಣಿಯನ್ನೇ ಕೆಳಗೆ ಹಾಕುತ್ತೆ. ಯಾವುದು ಮರ್ಯಾದಸ್ಥ ಮಳೆ, ನೀನೇ ಹೇಳು’ ಎಂದರು.

ಈ ಬೆಕ್ಕು ನಾಯಿಗಳಲ್ಲಿ ಇನ್ನೊಂದು ಸ್ವಾರಸ್ಯವಿದೆ. 1738ರಲ್ಲಿ ಜೊನಾಥನ್ ಸ್ವಿಫ್ಟ್ (ಗಲಿವರನ ಕಥೆ ಬರೆದವನೇ) ದೊಡ್ಡ ಮನೆಗಳ ಹರಟೆಯನ್ನು ಗೇಲಿ ಮಾಡಿ ಒಂದು ಪುಸ್ತಕ ಪ್ರಕಟಿಸಿದ. ಅದರಲ್ಲಿ ಸೈಮನ್ ವ್ಯಾಗ್‌ಸ್ಟಾಫ್ ಎಂಬ ಕಲ್ಪನೆಯ ಮಹಾಶಯನೊಬ್ಬ ಬರುತ್ತಾನೆ. ಜೇಬಿನಲ್ಲಿ ಪುಸ್ತಕ ಇಟ್ಟುಕೊಂಡು ಊರಿನ ದೊಡ್ಡ ಮನೆಗಳಿಗೆ ಹೋಗುವುದು, ಅಲ್ಲಿ ಕೇಳಿದ ಚಮತ್ಕಾರದ ಮಾತುಗಳನ್ನು ಹೊರಗೆ ಬಂದ ತಕ್ಷಣ ಬರೆದಿಡುವುದು, ವರ್ಷಗಟ್ಟಲೆ ಕೂಡಿಸಿ ‘ಇದನ್ನು ಬಾಯಿಪಾಠ ಮಾಡಿ, ಸಭ್ಯರಾಗಿ’ ಎಂದು ಲೋಕಕ್ಕೆ ಉಪದೇಶಿಸುವುದು, ಇಷ್ಟೇ ಅವನ ಕಸುಬು. ಆ ಹಳಸಲು ಮಾತುಗಳ ರಾಶಿಯಲ್ಲಿ ಬೆಕ್ಕು ನಾಯಿಗಳ ಮಳೆಯೂ ಇದೆ. ಅಂದರೆ ಯಾವ ಮಾತನ್ನು ನಮ್ಮ ಭಾವಮೈದ ಹೊಚ್ಚಹೊಸ ಬಳಕೆ ಎಂದು ಡೈರಿಗೆ ಇಳಿಸಿಕೊಂಡನೋ, ಅದು ಸ್ವಿಫ್ಟನ ಕಾಲಕ್ಕೇ ನಗೆಪಾಟಲಾಗಿತ್ತು! ನಾನು ಇದನ್ನು ಓದಿ ಹೇಳಿದಾಗ ಅವನಿಗೆ ವ್ಯಾಗ್‌ಸ್ಟಾಫನ ಮೇಲೆ ಗೌರವ ಹುಟ್ಟಿತು. ‘ನೋಡಿ, ಆ ಕಾಲದಲ್ಲೇ ನನ್ನ ಪದ್ಧತಿ ಇತ್ತು’ ಎಂದ.

ಇಷ್ಟರವರೆಗೆ ನಷ್ಟ ನಮ್ಮ ಮನೆಗೆ ಸೀಮಿತವಾಗಿತ್ತು. ಬೀದಿಗೆ ಬಂದದ್ದು ಗಣೇಶನ ಹಬ್ಬದಲ್ಲಿ. ನಮ್ಮ ಬಡಾವಣೆಯ ಗಣೇಶೋತ್ಸವದ ಕೊನೆಯ ದಿನ ವಂದನಾರ್ಪಣೆ ಅವನ ಪಾಲಿಗೆ ಬಂತು. ಆ ದಿನದ ಡೈರಿಯಲ್ಲಿ ಇದ್ದದ್ದು ‘ಗಿವ್ ಎ ಹ್ಯಾಂಡ್’, ಅಂದರೆ ನೆರವಾಗುವುದು. ಸಭೆ ಕನ್ನಡದ್ದು, ಹಾಗಾಗಿ ಕನ್ನಡದಲ್ಲೇ ಖರ್ಚು ಮಾಡಿದ: ‘ಈ ಉತ್ಸವಕ್ಕೆ ನಮ್ಮ ಅಧ್ಯಕ್ಷರು ಮೊದಲಿನಿಂದಲೂ ಕೈಕೊಟ್ಟರು. ಪೆಂಡಾಲಿನವರು ಕೈಕೊಟ್ಟರು. ಖಜಾಂಚಿಯವರಂತೂ ಎರಡೂ ಕೈ ಕೊಟ್ಟರು!’

ಸಭೆ ಒಂದು ಕ್ಷಣ ಸ್ತಬ್ಧವಾಯಿತು. ಹಿಂದಿನ ಸಾಲಿನಿಂದ ಯಾರೋ ‘ಅದು ನಮಗೂ ಗೊತ್ತು, ಲೆಕ್ಕ ಓದಿ’ ಎಂದು ಕೂಗಿದರು. ಖಜಾಂಚಿ ಬೆವರಿದರು. ಮಾರನೆಯ ದಿನ ಮೂವರು ಖರ್ಚುವೆಚ್ಚದ ವಿವರ ಕೇಳಿ ಅರ್ಜಿ ಕೊಟ್ಟರು. ನನ್ನ ಕೇಳಿದರೆ ನಮ್ಮ ಬಡಾವಣೆಯಲ್ಲಿ ಇಂಗ್ಲಿಷ್ ನುಡಿಗಟ್ಟಿನಿಂದ ಆದ ಉಪಕಾರ ಅದೊಂದೇ. ಈ ವರ್ಷ ಲೆಕ್ಕ ಸರಿಯಾಗಿ ಮುದ್ರಣವಾಗಿ ಮನೆಮನೆಗೆ ಬಂತು.

ಕೈಯೊಂದೇ ಅಲ್ಲ, ಮೈತುಂಬ ಇದೇ ರಗಳೆ. ಅವರಲ್ಲಿ ಒಬ್ಬ ಹುಡುಗನ ಹೊಟ್ಟೆಯಲ್ಲಿ ಬೆಂಕಿ ಇದೆ ಎಂದರೆ ಛಲಗಾರ, ಮುಂದೆ ಬರುತ್ತಾನೆ ಎಂದರ್ಥ. ನಮ್ಮಲ್ಲಿ ಹೊಟ್ಟೆಯಲ್ಲಿ ಬೆಂಕಿ ಬಿದ್ದರೆ ಅದು ಪಕ್ಕದ ಮನೆಯವರ ಕಾರು ನೋಡಿದ್ದರಿಂದ. ಇಲ್ಲವೇ ರಾತ್ರಿ ತಿಂದ ಮಿರ್ಚಿಯಿಂದ. ಅವರಿಗೆ ಪಾದ ತಣ್ಣಗಾದರೆ ಕೊನೇ ಗಳಿಗೆಯಲ್ಲಿ ಹಿಂಜರಿದ ಎಂದು. ನಮ್ಮ ಮನೆಗಳಲ್ಲಿ ಅಜ್ಜನ ಪಾದ ತಣ್ಣಗಾಯಿತು ಎಂದರೆ ಊರಲ್ಲಿರುವ ಮಕ್ಕಳಿಗೆಲ್ಲ ಫೋನ್ ಹೋಗುತ್ತದೆ.

ಬಿಸಿ ತಂಪುಗಳ ವಿಷಯದಲ್ಲಂತೂ ನಾವೂ ಅವರೂ ಬೆನ್ನಿಗೆ ಬೆನ್ನು ಹಾಕಿ ಕೂತವರು. ಚಳಿ ದೇಶದ ಜನ, ಪಾಪ. ಅವರಿಗೆ ಒಳ್ಳೆಯದೆಲ್ಲ ಬೆಚ್ಚಗಿರಬೇಕು. ಸ್ವಾಗತ ಬೆಚ್ಚಗೆ, ಹೃದಯ ಬೆಚ್ಚಗೆ; ಮುಖ ತಿರುಗಿಸಿದರೆ ‘ತಣ್ಣನೆಯ ಭುಜ’ ತೋರಿದರು ಎನ್ನುತ್ತಾರೆ. ಏಪ್ರಿಲಿನಲ್ಲಿ ಕಲಬುರಗಿಯ ಬಿಸಿಲು ಕಂಡ ಭಾಷೆ ಹಾಗೆ ಹೇಗೆ ಯೋಚಿಸೀತು? ‘ನಿನ್ನ ಹೊಟ್ಟೆ ತಣ್ಣಗಿರಲಿ’ ಎನ್ನುವುದು ನಮ್ಮ ಹರಕೆ. ಉಪಕಾರ ಮಾಡಿದವರನ್ನು ತಣ್ಣಗಿನ ಹೊತ್ತಲ್ಲಿ ನೆನೆಯುತ್ತೇವೆ. ಬಿಸಿ ಮುಟ್ಟಿಸುವುದು ಬಾಕಿದಾರರಿಗೆ. ಮಂತ್ರಿಗಳಿಗೆ ಜಿಲ್ಲಾಕೇಂದ್ರದಲ್ಲಿ ‘ಬಿಸಿಬಿಸಿ ಸ್ವಾಗತ’ ಸಿಕ್ಕಿತು ಎಂದು ಪೇಪರಿನಲ್ಲಿ ಬಂದರೆ ಓದುವವನು ಕಪ್ಪು ಬಾವುಟ ಎಷ್ಟಿದ್ದವು ಎಂದು ಹುಡುಕುತ್ತಾನೆ.

ಒಂದೇ ಒಂದು ಕಡೆ ಕನ್ನಡ ಇಂಗ್ಲಿಷನ್ನು ಚಿತ್ ಮಾಡಿದ್ದನ್ನು ಹೇಳಲೇಬೇಕು. ‘ಬಾಬ್ಸ್ ಯುವರ್ ಅಂಕಲ್’ ಎಂದು ಬ್ರಿಟಿಷರು ಒಂದು ಮಾತು ಆಡುತ್ತಾರೆ. ಹೀಗೆ ಮಾಡು, ಹಾಗೆ ಮಾಡು, ಬಾಬ್ ನಿನ್ನ ಅಂಕಲ್. ಅಂದರೆ ಅಲ್ಲಿಗೆ ಕೆಲಸ ಆಯಿತು ಅಂತ. ಭಾವಮೈದ ತಲೆ ಕೆಡಿಸಿಕೊಂಡ. ಯಾವ ಅಂಕಲ್? ಮಾವನೋ, ಚಿಕ್ಕಪ್ಪನೋ, ದೊಡ್ಡಪ್ಪನೋ, ಎದುರುಮನೆಯವನೋ? ಈ ಮಾತಿಗೆ ಅಲ್ಲಿಯ ಜನ ಹೇಳುವ ಕಥೆ ಹೀಗಿದೆ: 1887ರಲ್ಲಿ ಪ್ರಧಾನಿಯಾಗಿದ್ದ ಲಾರ್ಡ್ ಸಾಲಿಸ್‌ಬರಿ, ಹೆಸರು ರಾಬರ್ಟ್, ಮನೆಯ ಹೆಸರು ಬಾಬ್, ಆರ್ಥರ್ ಬಾಲ್‌ಫೋರ್ ಎಂಬ ತರುಣನಿಗೆ ಐರ್ಲೆಂಡಿನ ದೊಡ್ಡ ಹುದ್ದೆ ಕೊಟ್ಟ. ಬಾಲ್‌ಫೋರನ ತಾಯಿ ಸಾಲಿಸ್‌ಬರಿಯ ಅಕ್ಕ. ‘ಹಾಗಾದರೆ ಸೋದರಮಾವ ಅನ್ನಿ!’ ಎಂದು ಇವನು ಕುಣಿದಾಡಿದ. ಮಾತು ಅಚ್ಚಿನಲ್ಲಿ ಕಾಣಿಸುವುದು ಆ ನೇಮಕವಾಗಿ ಮೂರು ದಶಕಗಳಿಗೂ ಹೆಚ್ಚು ಕಾಲ ಕಳೆದ ಮೇಲೆ, ಆದ್ದರಿಂದ ತಿಳಿದವರು ಈ ಕಥೆಯನ್ನು ಅನುಮಾನಿಸುತ್ತಾರೆ. ನಾವು ಅನುಮಾನಿಸುವುದಿಲ್ಲ. ಸೋದರಮಾವ ಮಂತ್ರಿಯಾದರೆ ಅಳಿಯನಿಗೆ ನಿಗಮ ಮಂಡಳಿಯೊಂದು ಸಿಗುತ್ತದೆ ಎನ್ನುವುದಕ್ಕೆ ಕರ್ನಾಟಕದವರಿಗೆ ಪುರಾವೆ ಬೇಕೆ?

ಇವನ ಡೈರಿಯನ್ನು ನೋಡಿ ನಕ್ಕವಳು ವೈಟ್‌ಫೀಲ್ಡಿನ ಕಂಪನಿಯೊಂದರಲ್ಲಿರುವ ನನ್ನ ಅಕ್ಕನ ಮಗಳು. ‘ಮಾಮಾ, ಇವೆಲ್ಲ ಹಳೇ ಸರಕು. ನಮ್ಮ ಮೀಟಿಂಗಿಗೆ ಬನ್ನಿ’ ಎಂದಳು. ಅವಳ ಮಾತು ಕೇಳಿದೆ. ಬಾಸ್ ‘ಬಾಲ್‌ಪಾರ್ಕ್ ಫಿಗರ್’ ಕೇಳಿದರಂತೆ. ಇವಳು ನಾಳೆ ‘ಟಚ್ ಬೇಸ್’ ಮಾಡುತ್ತಾಳಂತೆ. ನಡುವೆ ಕ್ಲೈಂಟು ಒಂದು ‘ಕರ್ವ್‌ಬಾಲ್’ ಎಸೆದನಂತೆ. ಮೂರೂ ಬೇಸ್‌ಬಾಲಿನವು. ಬೇಸ್‌ಬಾಲ್ ನೋಡಿದ್ದೀಯೇನಮ್ಮಾ ಎಂದರೆ, ಇಲ್ಲ. ಬಾಸ್? ಅವರು ದಾವಣಗೆರೆಯವರು. ದಾವಣಗೆರೆಯ ಗಂಡಸು ತುಮಕೂರಿನ ಹುಡುಗಿಗೆ, ಇಬ್ಬರೂ ಕಣ್ಣಲ್ಲಿ ಕಾಣದ ಆಟದ ಮೈದಾನದ ಲೆಕ್ಕದಲ್ಲಿ ಅಂದಾಜು ಕೇಳುತ್ತಿದ್ದಾನೆ. ‘ಸುಮಾರು ಎಷ್ಟಾಗಬಹುದು?’ ಅಂದಿದ್ದರೆ ಮೀಟಿಂಗು ಎರಡು ನಿಮಿಷ ಮೊದಲೇ ಮುಗಿಯುತ್ತಿತ್ತು. ಕ್ರಿಕೆಟ್ಟಿನದಾದರೂ ಆಗಿದ್ದರೆ ನಾನು ಸುಮ್ಮನಿರುತ್ತಿದ್ದೆ. ಗೂಗ್ಲಿ ಎಂದರೆ ನಮ್ಮ ಕಡೆ ಮಗುವಿಗೂ ಗೊತ್ತು. 2013ರಲ್ಲಿ ಅದೇ ಹೆಸರಲ್ಲಿ ಸಿನಿಮಾ ಬಂದು ಓಡಿತು. ಇನ್ನು ಸುಲಭದ ಕೆಲಸಕ್ಕೆ ಅವಳು ‘ಲೋ ಹ್ಯಾಂಗಿಂಗ್ ಫ್ರೂಟ್’ ಅಂದಾಗ ಅಮ್ಮ ಒಳಗಿನಿಂದಲೇ ‘ಹಲಸು ಬುಡದಲ್ಲೇ ಬಿಡುತ್ತೆ. ಕಿತ್ತು, ಹೊತ್ತು, ಹೆಚ್ಚಿ, ಸೊಳೆ ಬಿಡಿಸಿ ನೋಡು, ಎಷ್ಟು ಸುಲಭ ಅಂತ ಗೊತ್ತಾಗುತ್ತೆ’ ಎಂದರು.

ಹಾಗೆಂದು ಬೆಂಗಳೂರಿನವರು ಬರೀ ಸಾಲಗಾರರಲ್ಲ. ಇನ್ಫೋಸಿಸ್ಸಿನ ನಂದನ್ ನಿಲೇಕಣಿ ಅಮೆರಿಕದ ಪತ್ರಕರ್ತ ಥಾಮಸ್ ಫ್ರೀಡ್‌ಮನ್ ಜೊತೆ ಮಾತಾಡುತ್ತ, ಜಗತ್ತಿನ ಆಟದ ಮೈದಾನ ಸಮವಾಗುತ್ತಿದೆ ಎಂಬರ್ಥದ ಮಾತೊಂದನ್ನು ಹೇಳಿದರು. ಅದೂ ಒಂದು ಇಂಗ್ಲಿಷ್ ನುಡಿಗಟ್ಟೇ, ದಿನಾ ಸವೆಯುವಂಥದ್ದು. ಫ್ರೀಡ್‌ಮನ್ ಅದನ್ನು ತಲೆಯಲ್ಲಿ ಉರುಳಿಸಿ ಉರುಳಿಸಿ ಮೈದಾನದಿಂದ ಭೂಮಿಗೆ ಬಂದು, 2005ರಲ್ಲಿ ಪ್ರಪಂಚ ಚಪ್ಪಟೆಯಾಗಿದೆ ಎಂಬ ಹೆಸರಿನ ದಪ್ಪ ಪುಸ್ತಕ ತಂದರು. ಆ ಹೊತ್ತಿಗೆ ನಮ್ಮೂರು ಇಂಗ್ಲಿಷಿಗೆ ಒಂದು ಕ್ರಿಯಾಪದವನ್ನೇ ಕೊಟ್ಟುಬಿಟ್ಟಿತ್ತು: ‘ಬ್ಯಾಂಗಲೋರ್ಡ್’. ತನ್ನ ಕೆಲಸ ಇಂಡಿಯಾದ ಪಾಲಾಗಿ ಮನೆಗೆ ಹೋದ ಅಮೆರಿಕನ್ನನ ಪಾಡಿಗೆ ಆ ಹೆಸರು. 2014ರ ನವೆಂಬರ್ 1ರಂದು ಊರು ಅಧಿಕೃತವಾಗಿ ಬೆಂಗಳೂರಾದ ಮೇಲೆ ಆ ಕ್ರಿಯಾಪದವನ್ನೂ ತಿದ್ದಬೇಕಿತ್ತು. ಯಾರೂ ಗಮನಿಸಿದಂತಿಲ್ಲ.

ಅರ್ಥವಾಗದ್ದಕ್ಕೆ ಇಂಗ್ಲಿಷಿನವರು ‘ಇಟ್ಸ್ ಗ್ರೀಕ್ ಟು ಮಿ’ ಎನ್ನುತ್ತಾರಲ್ಲ, ಶೇಕ್ಸ್‌ಪಿಯರನ ‘ಜೂಲಿಯಸ್ ಸೀಸರ್’ ನಾಟಕದಲ್ಲಿ ಕ್ಯಾಸ್ಕನ ಬಾಯಲ್ಲಿ ಬರುವ ಮಾತು. ಅದನ್ನು ಕೇಳಿದಾಗಲೆಲ್ಲ ನನಗೆ ಒಳಗೊಳಗೇ ಖುಷಿ. ಗ್ರೀಕರು ತಮಗೆ ಅರ್ಥವಾಗದ್ದನ್ನು ಚೀನೀ ಭಾಷೆ ಎನ್ನುತ್ತಾರೆ. ಅದು ಈಗಿನ ಮಾತು. ಹಿಂದೆ? ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಒಂದು ಪಪೈರಸ್ ಸುರುಳಿಯಲ್ಲಿ ಹಳೆಯ ಗ್ರೀಕ್ ಪ್ರಹಸನವಿದೆ. ಚಾರಿಷನ್ ಎಂಬ ಗ್ರೀಕ್ ಹುಡುಗಿ ಇಂಡಿಯಾದ ಕಡಲತೀರದ ರಾಜನೊಬ್ಬನ ಕೈಗೆ ಸಿಕ್ಕಿಬಿದ್ದಿದ್ದಾಳೆ. ಅವಳನ್ನು ಬಿಡಿಸಲು ಬಂದವರು ರಾಜನ ಕಡೆಯವರಿಗೆ ಮದ್ಯ ಕುಡಿಸಿ ಪಾರಾಗುತ್ತಾರೆ. ರಾಜನೂ ಅವನ ಜನರೂ ಆಡುವ ಮಾತು ಗ್ರೀಕಲ್ಲ. ನೋಡುವವರು ಬಿದ್ದು ಬಿದ್ದು ನಗಲೆಂದು ಹಾಕಿದ ಪರಭಾಷೆ. ಅದು ಕನ್ನಡ ಎಂದು ಹುಲ್ಟ್ಸ್ ಎಂಬ ವಿದ್ವಾಂಸರು 1904ರಲ್ಲಿ ವಾದಿಸಿದರು. ನಮ್ಮ ಗೋವಿಂದ ಪೈಗಳೂ ಅದರ ಹಿಂದೆ ಬಿದ್ದರು. ಎಲ್ಲರೂ ಒಪ್ಪಿಲ್ಲ, ತುಳು ಎನ್ನುವವರಿದ್ದಾರೆ, ಬರೀ ಗಿಲಿಗಿಲಿ ಎನ್ನುವವರೂ ಇದ್ದಾರೆ. ಹುಲ್ಟ್ಸರ ಮಾತು ನಿಜವೇ ಆಗಿದ್ದರೆ, ಇಂಗ್ಲಿಷಿನವರಿಗೆ ಗ್ರೀಕು ಹೇಗೋ ಗ್ರೀಕರಿಗೆ ನಮ್ಮ ಕನ್ನಡ ಹಾಗೆ. ಭಾವಮೈದನಿಗೆ ಇದನ್ನು ಹೇಳಿದ್ದು ತಪ್ಪಾಯಿತು. ಡೈರಿಯ ಆ ದಿನದ ಪುಟದಲ್ಲಿ ‘ಇಟ್ಸ್ ಕನ್ನಡ ಟು ಮಿ’ ಎಂದು ಸ್ವಂತ ನುಡಿಗಟ್ಟು ಸೇರಿಸಿಕೊಂಡ.

ಗುಟ್ಟಿನಲ್ಲಿ ಒಂದು ಮಾತು. ಇಷ್ಟೆಲ್ಲ ನಗುವ ನಾನೂ ನೀವೂ ಇಂಗ್ಲಿಷ್ ನುಡಿಗಟ್ಟುಗಳನ್ನು ಪಂಚೆ ಉಡಿಸಿ ಮನೆಯೊಳಗೆ ಬಿಟ್ಟುಕೊಂಡವರೇ. ಮದುವೆಯಾದ ಜೋಡಿಯನ್ನು ಮಧುಚಂದ್ರಕ್ಕೆ ಕಳಿಸುತ್ತೇವೆ. ಅದು ಹನಿಮೂನಿನ ಅಕ್ಷರಶಃ ಅನುವಾದ, ನಮ್ಮ ಅಜ್ಜಿಯರ ಕಾಲದಲ್ಲಿ ಜೇನೂ ಇರಲಿಲ್ಲ, ಚಂದ್ರನೂ ಇರಲಿಲ್ಲ, ಪ್ರಸ್ತ ಇತ್ತು. ಭಾಷಣಕಾರರು ವಿಷಯದ ಮೇಲೆ ಬೆಳಕು ಚೆಲ್ಲುತ್ತಾರೆ. ಸಂಪಾದಕೀಯದಲ್ಲಿ ನಷ್ಟದ ಕಾರ್ಖಾನೆ ಬಿಳಿಯಾನೆಯಾಗುತ್ತದೆ. ಯೋಜನೆಗೆ ಹಸಿರು ನಿಶಾನೆ ಸಿಗುತ್ತದೆ. ಇವು ಈಗ ಎಷ್ಟು ಪಳಗಿವೆಯೆಂದರೆ ಯಾರಿಗೂ ಊರು ಕೇಳಬೇಕು ಅನ್ನಿಸುವುದಿಲ್ಲ. ಕಾಲು ಮುರಿಯುವ ಹರಕೆಯೂ ಇನ್ನು ಐವತ್ತು ವರ್ಷಕ್ಕೆ ಒಳಗೆ ಬಂದು ಕಾಫಿ ಕುಡಿಯುತ್ತ ಕೂತಿರಬಹುದು. ನಮ್ಮಮ್ಮನಂಥವರು ಬಾಗಿಲಲ್ಲಿ ಇರುವವರೆಗೆ ಮಾತ್ರ ಕಷ್ಟ.

ಅಕ್ಟೋಬರ್ 9ಕ್ಕೆ ಭಾವಮೈದ ಲೀಡ್ಸಿಗೆ ಹಾರಿದ. ಕೈಚೀಲದಲ್ಲಿ ಡೈರಿ, ಸೂಟ್‌ಕೇಸಿನಲ್ಲಿ ಚಟ್ನಿಪುಡಿ. ನಾಲ್ಕನೇ ದಿನಕ್ಕೆ ಫೋನ್ ಬಂತು, ದನಿ ಬಿದ್ದುಹೋಗಿತ್ತು. ಪಕ್ಕದ ಮನೆಯಲ್ಲಿ ಒಬ್ಬ ವಯಸ್ಸಾದ ಗೃಹಸ್ಥರಿದ್ದಾರಂತೆ. ಮೊದಲ ದಿನ ಗೇಟಿನಲ್ಲಿ ಸಿಕ್ಕಿ ‘ಯು ಆಲ್ ರೈಟ್?’ ಎಂದು ಕೇಳಿದರು. ಇವನಿಗೆ ಆಶ್ಚರ್ಯ, ಪರವೂರಿನಲ್ಲಿ ಇಷ್ಟು ಕಾಳಜಿ! ಮಂಡಿನೋವು, ಸಕ್ಕರೆ, ವಿಮಾನದಲ್ಲಿ ಹಿಡಿದ ಹೊಟ್ಟೆಯುಬ್ಬರ ಎಲ್ಲವನ್ನೂ ಕ್ರಮವಾಗಿ ಹೇಳಿದ. ಆತ ಮಳೆಯಲ್ಲೇ ನಿಂತು ಪೂರ್ತಿ ಕೇಳಿಸಿಕೊಂಡರು. ಸಂಜೆ ಮಗಳು ಬಿಡಿಸಿ ಹೇಳಿದಳು: ಅದು ಪ್ರಶ್ನೆಯಲ್ಲಪ್ಪಾ, ನಮಸ್ಕಾರ. ತಿರುಗಿ ನೀನೂ ‘ಆಲ್ ರೈಟ್?’ ಅಂದರೆ ಮುಗಿಯಿತು.

ಇನ್ನೊಂದು ದಿನ ಅವರೇ ‘ಯಾವಾಗಲಾದರೂ ಟೀಗೆ ಬನ್ನಿ’ ಎಂದರಂತೆ. ಇವನು ಮರುದಿನ ನಾಲ್ಕು ಗಂಟೆಗೆ ಕೋಡುಬಳೆ ಡಬ್ಬಿ ಸಮೇತ ಹಾಜರು. ಅದೂ ಒಂದು ಬಾಯುಪಚಾರದ ಮಾತು ಎನ್ನುವುದು ಡೈರಿಯಲ್ಲಿ ಇರಲಿಲ್ಲ. ಡೈರಿಯಲ್ಲಿ ಇದ್ದದ್ದನ್ನು ಅಲ್ಲಿ ಯಾರೂ ಆಡುತ್ತಿರಲಿಲ್ಲ. ಭೋರೆಂದು ಮಳೆ ಸುರಿದ ದಿನ ಇವನು ಆಸೆಯಿಂದ ಕಿಟಕಿಯ ಬಳಿ ಕಾದ. ಆತ ಆಕಾಶ ನೋಡಿ ‘ಬಿಟ್ ವೆಟ್’ ಎಂದರಂತೆ. ಸ್ವಲ್ಪ ಒದ್ದೆ. ಅಷ್ಟೇ! ಒಂದು ಬೆಕ್ಕಿನಮರಿಯೂ ಬೀಳಲಿಲ್ಲ.

ಆದರೆ ಟೀ ಕುಡಿದ ದಿನ ಇನ್ನೊಂದು ಸಂಗತಿ ನಡೆಯಿತು. ಹೊರಡುವಾಗ ಇವನು ಡೈರಿ ಮರೆತು, 61 ವರ್ಷದ ಅಭ್ಯಾಸಬಲದಲ್ಲಿ ‘ಐ ವಿಲ್ ಗೋ ಅಂಡ್ ಕಮ್’ ಎಂದುಬಿಟ್ಟ. ನಾವು ಯಾರ ಮನೆಯಿಂದಲೂ ಬರೀ ಹೋಗುವುದಿಲ್ಲವಲ್ಲ, ಹೋಗಿ ಬರುತ್ತೇವೆ. ಪಾಪ, ಆ ಮುದುಕರು ನಂಬಿದರು. ಕೆಟಲಿನಲ್ಲಿ ಮತ್ತೆ ನೀರಿಟ್ಟು, ಒಂದೂವರೆ ಗಂಟೆ ಬಾಗಿಲು ತೆರೆದಿಟ್ಟು ಕಾದು, ಕೊನೆಗೆ ‘ಎಲ್ಲ ಕ್ಷೇಮವಷ್ಟೆ?’ ಎಂದು ವಿಚಾರಿಸಲು ಮಗಳ ಮನೆಗೇ ಬಂದರು. ವಿಷಯ ತಿಳಿದು ತುಂಬ ಹೊತ್ತು ನಕ್ಕರಂತೆ. ಈಗ ದಿನಾ ಸಂಜೆ ಗೇಟಿನಲ್ಲಿ ಬೀಳ್ಕೊಡುವಾಗ ಅವರೇ ‘ಹೋಗ್ ಬರ್ತೀನಿ’ ಎನ್ನುತ್ತಾರೆ. ಭಾವಮೈದನ ಡೈರಿ ಅಕ್ಟೋಬರ್ 13ರ ಪುಟಕ್ಕೆ ನಿಂತಿದೆ.

ಜನವರಿಯಲ್ಲಿ ವಾಪಸು ಬರುತ್ತಾನೆ. ನಮ್ಮ ರಸ್ತೆಯಲ್ಲಿ ಎದುರು ಸಿಕ್ಕರೆ ಚೆನ್ನಾಗಿದ್ದೀರಾ ಎಂದು ಕನ್ನಡದಲ್ಲೇ ಕೇಳಿ. ಮಂಡಿನೋವಿನ ವರದಿಗೆ ಅರ್ಧ ಗಂಟೆ ಕೈಯಲ್ಲಿಟ್ಟುಕೊಂಡು ಕೇಳಿ. ಮತ್ತೆ, ನಿಮ್ಮ ಮನೆಯಲ್ಲಿ ರಂಗಪ್ರವೇಶವೇನಾದರೂ ಇದ್ದರೆ ಅವನಿಗೆ ಮುಂದಿನ ಸಾಲಿನಲ್ಲಿ ಸೀಟು ಕೊಡಿ, ಗ್ರೀನ್ ರೂಮಿನ ಕಡೆ ಬಿಡಬೇಡಿ.